ಶುಕ್ರವಾರ ಮೂರೂವರೆಯ ಕ್ಯೂ: ಸಂಸದರ ಖಾಸಗಿ ಮಸೂದೆಗೆ ಸರದಿ ಬರುವುದು ಹೇಗೆ?

‘ನಮ್ಮ ಸಂಸದರು ಲೋಕಸಭೆಯಲ್ಲಿ ಮಸೂದೆ ಮಂಡಿಸಿದರು’ ಅಂತ ಫೋಟೊ ಸಮೇತ ಒಂದು ಪೋಸ್ಟರ್ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ನಾವು ಒಂದು ಹೆಬ್ಬೆರಳು ಒತ್ತಿ ಮುಂದೆ ಹೋಗುತ್ತೇವೆ. ಆರು ತಿಂಗಳ ಮೇಲೆ ಆ ಮಸೂದೆ ಏನಾಯಿತು ಎಂದು ಕೇಳಿದರೆ ಹೇಳುವವರೇ ಇರುವುದಿಲ್ಲ. ಯಾಕೆಂದರೆ ಮಂಡನೆಯಾಗುವುದು ಬೇರೆ, ಚರ್ಚೆಗೆ ಬರುವುದು ಬೇರೆ. ನಡುವೆ ಉದ್ದನೆಯ ಕ್ಯೂ ಇದೆ. ಆ ಕ್ಯೂ ಹೇಗೆ ಸಾಗುತ್ತದೆ, ಯಾರು ಸಾಗಿಸುತ್ತಾರೆ ಎಂದು ನೋಡೋಣ.

ಮೊದಲೇ ಒಂದು ಮಾತು. ಇಲ್ಲಿ ‘ಖಾಸಗಿ’ ಅಂದರೆ ಕಂಪನಿಗೆ ಸೇರಿದ್ದು ಅಂತಲ್ಲ. ಮಂತ್ರಿ ಅಲ್ಲದ ಯಾವ ಸಂಸದರಾದರೂ ಖಾಸಗಿ ಸದಸ್ಯರೇ. ಆಡಳಿತ ಪಕ್ಷದ ಹಿಂದಿನ ಸಾಲಿನಲ್ಲಿ ಕೂತವರೂ ಅಷ್ಟೇ.

ಉದಾಹರಣೆಗೆ, ಆನೆ ದಾಳಿಯಲ್ಲಿ ಬೆಳೆ ಕಳೆದುಕೊಂಡವರಿಗೆ ಪರಿಹಾರ ಕೊಡುವ ಕಾನೂನು ಬೇಕು ಅಂತ ಹಾಸನ–ಕೊಡಗು ಕಡೆಯ ಸಂಸದರೊಬ್ಬರಿಗೆ ಅನ್ನಿಸಿತು ಎಂದುಕೊಳ್ಳಿ. ಇದು ನಾನು ಸುಮ್ನೆ ಕಲ್ಪಿಸಿಕೊಂಡ ಮಸೂದೆ. ದಾರಿ ಮಾತ್ರ ನಿಜವಾದದ್ದು.

ಹಂತ 1: ಒಂದು ತಿಂಗಳ ನೋಟಿಸ್

ಮಸೂದೆಯ ಕರಡಿನ ಜೊತೆ ಅದು ಯಾಕೆ ಬೇಕು ಎಂಬ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಇರಬೇಕು. ಸ್ಪೀಕರ್ ಒಪ್ಪಿ ಕಡಿಮೆ ಮಾಡದಿದ್ದರೆ ನೋಟಿಸ್ ಅವಧಿ ಒಂದು ತಿಂಗಳು. ನಮ್ಮ ಆನೆ ಮಸೂದೆಗೆ ದುಡ್ಡು ಖರ್ಚಾಗುತ್ತದೆ, ಹಾಗಾಗಿ ಎಷ್ಟು ಖರ್ಚು ಎಂಬ ಹಣಕಾಸು ಟಿಪ್ಪಣಿಯನ್ನೂ ಲಗತ್ತಿಸಬೇಕು. ಸರ್ಕಾರದ ಬೊಕ್ಕಸದಿಂದ ಹಣ ಹೋಗುವ ಮಸೂದೆಯನ್ನು ರಾಷ್ಟ್ರಪತಿಯವರ ಶಿಫಾರಸು ಇಲ್ಲದೆ ಅಂಗೀಕರಿಸುವಂತಿಲ್ಲ ಎಂದು ಸಂವಿಧಾನದ 117ನೇ ವಿಧಿ ಹೇಳುತ್ತದೆ. ರಾಷ್ಟ್ರಪತಿಯವರು ನಡೆಯುವುದು ಸಂಪುಟದ ಸಲಹೆಯಂತೆ. ಅಂದರೆ ದುಡ್ಡಿನ ಮಾತು ಬಂದ ಕೂಡಲೇ ಬೀಗದ ಕೈ ಸರ್ಕಾರದ ಜೇಬಿಗೆ ಹೋಯಿತು.

ಹಂತ 2: ಮಂಡನೆ

ಪೋಸ್ಟರ್ ಬರುವುದು ಈ ಹಂತದಲ್ಲಿ. ಶುಕ್ರವಾರ ಖಾಸಗಿ ಕಲಾಪ ಶುರುವಾದ ಕೂಡಲೇ ಹೆಸರು ಕರೆಯುತ್ತಾರೆ. ಸಂಸದರು ಎದ್ದು ‘ಮಸೂದೆ ಮಂಡಿಸಲು ಅನುಮತಿ ಕೋರುತ್ತೇನೆ’ ಅನ್ನುತ್ತಾರೆ. ಸದನ ಧ್ವನಿಮತದಲ್ಲಿ ಒಪ್ಪುತ್ತದೆ. ‘ಮಂಡಿಸುತ್ತೇನೆ’ ಎಂದು ಹೇಳಿ ಕೂರುತ್ತಾರೆ. ಅರ್ಧ ನಿಮಿಷದ ಕೆಲಸ. ಹತ್ತಾರು ಮಸೂದೆಗಳು ಸಾಲಾಗಿ ಹೀಗೇ ಮುಗಿಯುತ್ತವೆ.

ಸಾಮಾನ್ಯವಾಗಿ ಈ ಹಂತದಲ್ಲಿ ಯಾರೂ ಅಡ್ಡ ಬರುವುದಿಲ್ಲ. ಹಾಗಂತ ಬರಲೇಬಾರದು ಅಂತೇನಿಲ್ಲ. 2015ರ ಡಿಸೆಂಬರ್ 18ರಂದು ಶಶಿ ತರೂರ್ ಅವರು ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡ ಸಂಹಿತೆಯ 377ನೇ ಸೆಕ್ಷನ್ ತಿದ್ದುವ ಮಸೂದೆ ತಂದಾಗ ಮಂಡನೆಗೇ ವಿರೋಧ ಬಂದು ಮತ ಹಾಕಬೇಕಾಯಿತು. ಪರ 24, ವಿರುದ್ಧ 71. ಮಸೂದೆ ಬಾಗಿಲಲ್ಲೇ ನಿಂತಿತು. 2016ರ ಮಾರ್ಚ್‌ನಲ್ಲಿ ಮತ್ತೆ ತಂದರು, ಮತ್ತೆ ಸೋತರು. 2022ರ ಡಿಸೆಂಬರ್ 9ರಂದು ರಾಜ್ಯಸಭೆಯಲ್ಲಿ ಇದರ ಉಲ್ಟಾ ಆಯಿತು. ಕಿರೋಡಿ ಲಾಲ್ ಮೀನಾ ಅವರ ಏಕರೂಪ ನಾಗರಿಕ ಸಂಹಿತೆ ಮಸೂದೆಯ ಮಂಡನೆಗೆ ವಿರೋಧ ಎದ್ದಿತು, ಆದರೂ 63–23 ಮತಗಳಲ್ಲಿ ಅನುಮತಿ ಸಿಕ್ಕಿತು. ಎರಡೂ ಶುಕ್ರವಾರವೇ ನಡೆದದ್ದು, ಗಮನಿಸಿ.

ಹಂತ 3: ಸಮಿತಿ ಮತ್ತು ಚೀಟಿ

ಇನ್ನು ಮುಂದಿನ ಆಟವೆಲ್ಲ ಗಡಿಯಾರದ್ದು. ಲೋಕಸಭೆಯ ನಿಯಮದಂತೆ ಶುಕ್ರವಾರದ ಕೊನೆಯ ಎರಡೂವರೆ ಗಂಟೆ ಖಾಸಗಿ ಸದಸ್ಯರಿಗೆ. ರೂಢಿಯಲ್ಲಿ ಮಧ್ಯಾಹ್ನ ಮೂರೂವರೆಯಿಂದ ಆರು. ಒಂದು ಶುಕ್ರವಾರ ಮಸೂದೆಗಳಿಗೆ, ಅದರ ಮುಂದಿನದು ಖಾಸಗಿ ನಿರ್ಣಯಗಳಿಗೆ. ಒಂದು ಅಧಿವೇಶನ ನಾಲ್ಕು ವಾರ ನಡೆಯಿತು ಅನ್ನಿ. ಮಸೂದೆಗೆ ಸಿಗುವುದು ಎರಡೇ ಶುಕ್ರವಾರ, ಒಟ್ಟು ಐದು ಗಂಟೆ. ಒಂದೊಂದು ಮಸೂದೆಗೆ ಎರಡು ಗಂಟೆ ಕೊಟ್ಟರೆ ಇಡೀ ಅಧಿವೇಶನಕ್ಕೆ ಎರಡು ಮಸೂದೆ. ಕ್ಯೂನಲ್ಲಿ ನೂರಾರು ಇರುತ್ತವೆ.

ಯಾವುದು ಮೊದಲು ಎಂದು ವಿಂಗಡಿಸುವುದು ಖಾಸಗಿ ಸದಸ್ಯರ ಮಸೂದೆ ಮತ್ತು ನಿರ್ಣಯಗಳ ಸಮಿತಿ. ಗರಿಷ್ಠ 15 ಸದಸ್ಯರು, ನೇಮಿಸುವುದು ಸ್ಪೀಕರ್. ಉಪಸಭಾಧ್ಯಕ್ಷರು ಸದಸ್ಯರಾಗಿದ್ದರೆ ಅವರೇ ಇದರ ಅಧ್ಯಕ್ಷರು. (2019ರಲ್ಲಿ ರಚನೆಯಾದ ಲೋಕಸಭೆಗೆ ಐದೂ ವರ್ಷ ಉಪಸಭಾಧ್ಯಕ್ಷರೇ ಇರಲಿಲ್ಲ, ಅದು ಬೇರೆ ಕಥೆ.) ವಿಷಯ ಎಷ್ಟು ಮುಖ್ಯ, ಎಷ್ಟು ತುರ್ತು ಎಂದು ನೋಡಿ ಸಮಿತಿ ಮಸೂದೆಗಳನ್ನು ಎ ಮತ್ತು ಬಿ ಎಂದು ಎರಡು ಗುಂಪು ಮಾಡುತ್ತದೆ. ಚರ್ಚೆಗೆ ಎಷ್ಟು ಗಂಟೆ ಎಂದೂ ಹೇಳುತ್ತದೆ. ಸಂವಿಧಾನ ತಿದ್ದುವ ಖಾಸಗಿ ಮಸೂದೆಯಾದರೆ ಮಂಡನೆಗೆ ಮೊದಲೇ ಇವರ ಮುಂದೆ ಹಾಯಬೇಕು.

ಗುಂಪು ಆದ ಮೇಲೆ ಸರದಿ ತೀರ್ಮಾನ ಆಗುವುದು ಬ್ಯಾಲೆಟ್‌ನಿಂದ. ನಮ್ಮ ಭಾಷೆಯಲ್ಲಿ ಚೀಟಿ ಎತ್ತುವುದು. ಆರು ಸಲ ಗೆದ್ದ ಹಿರಿಯರಿಗೂ ಮೊದಲ ಸಲ ಬಂದವರಿಗೂ ಒಂದೇ ಚೀಟಿ. ನನಗೆ ಇಡೀ ಏರ್ಪಾಡಿನಲ್ಲಿ ಜಾಸ್ತಿ ಇಷ್ಟವಾಗುವುದು ಇದೇ. ಚೀಟಿಗೆ ಪಕ್ಷದ ವಿಪ್ ಇಲ್ಲ ಅಲ್ವಾ.

ಹಂತ 4: ವರದಿಯನ್ನು ಸದನ ಒಪ್ಪಬೇಕು

ಸಮಿತಿ ಹೇಳಿದ ಮಾತ್ರಕ್ಕೆ ಸಮಯ ಗೊತ್ತಾಗಿಬಿಡುವುದಿಲ್ಲ. ಸಮಿತಿ ಆ ವಾರ ತನ್ನ ವರದಿ ಕೊಡುತ್ತದೆ. ಶುಕ್ರವಾರ ಖಾಸಗಿ ಕಲಾಪ ಶುರುವಾಗುವಾಗ ‘ಈ ವರದಿಯನ್ನು ಸದನ ಒಪ್ಪುತ್ತದೆ’ ಎಂಬ ಪ್ರಸ್ತಾವ ಬರುತ್ತದೆ. ಬೇಕಿದ್ದರೆ ಅದಕ್ಕೆ ತಿದ್ದುಪಡಿ ಕೇಳಬಹುದು. ಚರ್ಚೆ ಅರ್ಧ ಗಂಟೆ ಮೀರುವಂತಿಲ್ಲ, ಒಬ್ಬೊಬ್ಬರಿಗೆ ಐದೇ ನಿಮಿಷ. ನಡೆಯುವುದು ಮಾತ್ರ ಒಂದು ‘ಹೌದು’, ಅಷ್ಟೇ. ಸರ್ಕಾರದ ಮಸೂದೆಗಳ ಸಮಯ ಹಂಚುವ ಕಲಾಪ ಸಲಹಾ ಸಮಿತಿಯ ವರದಿಗೂ ಇದೇ ಕ್ರಮ. ಅದಕ್ಕೆ ಅಧ್ಯಕ್ಷರು ಸ್ವತಃ ಸ್ಪೀಕರ್.

ಇಲಾಖೆಗಳ ಕೆಲಸ ಪರಿಶೀಲಿಸುವ ಸ್ಥಾಯಿ ಸಮಿತಿಗಳ ವರದಿಯ ದಾರಿಯೇ ಬೇರೆ. ಕೃಷಿ, ರೈಲ್ವೆ, ಹಣಕಾಸು ಹೀಗೆ 24 ಸಮಿತಿಗಳಿವೆ, ಒಂದೊಂದರಲ್ಲಿ 31 ಸದಸ್ಯರು. ಇವುಗಳ ವರದಿಗೆ ಇಂಥದೇ ವಾರ ಅಂತಿಲ್ಲ. ಪ್ರಶ್ನೋತ್ತರ ಮುಗಿದು 12 ಗಂಟೆಗೆ ಕಾಗದಪತ್ರ ಮಂಡಿಸುವ ಹೊತ್ತಿನಲ್ಲಿ ಸಮಿತಿಯ ಪರವಾಗಿ ಒಬ್ಬರು ಎದ್ದು ಒಂದು ಸಾಲು ಹೇಳಿ ಕೊಟ್ಟುಬಿಡುತ್ತಾರೆ. ತಿಂಗಳುಗಟ್ಟಲೆ ಅಧಿಕಾರಿಗಳನ್ನು ಕೂರಿಸಿ ಪ್ರಶ್ನೆ ಕೇಳಿ ಬರೆದ ವರದಿಗೆ ಸದನದಲ್ಲಿ ಸಿಗುವುದು ಆ ಒಂದು ಸಾಲು. ಅಧಿವೇಶನ ಇಲ್ಲದಾಗ ಸ್ಪೀಕರ್ ಕೈಗೂ ಕೊಡಬಹುದು, ಆಮೇಲೆ ಸದನಕ್ಕೆ ತರುತ್ತಾರೆ. ಸರ್ಕಾರ ಮೂರು ತಿಂಗಳೊಳಗೆ ಏನು ಕ್ರಮ ಕೈಗೊಂಡಿತು ಎಂದು ಸಮಿತಿಗೆ ಹೇಳಬೇಕು. ಆ ಉತ್ತರದ ಮೇಲೆ ಸಮಿತಿ ಇನ್ನೊಂದು ವರದಿ ಬರೆಯುತ್ತದೆ. ವಿಷಯದ ಹಿಂದೆ ಬಿದ್ದವರು ಮೊದಲು ಓದಬೇಕಾದದ್ದು ಈ ಎರಡನೆಯದು.

ಹಂತ 5: ಕೊನೆಗೂ ಚರ್ಚೆ

ನಮ್ಮ ಆನೆ ಮಸೂದೆಯ ಚೀಟಿ ಮೇಲೆ ಬಂತು ಅನ್ನಿ. ಆದರೆ ಅದಕ್ಕಿಂತ ಮುಂಚೆ ಅರ್ಧಕ್ಕೆ ನಿಂತ ಮಸೂದೆ ಇದ್ದರೆ ಅದು ಮುಗಿಯಬೇಕು. ಜನಾರ್ದನ ಸಿಂಗ್ ಸಿಗ್ರಿವಾಲ್ ಅವರ ಕಡ್ಡಾಯ ಮತದಾನ ಮಸೂದೆ 2019ರದ್ದು. ಸಮಯ ಹಿಗ್ಗಿಸುತ್ತಾ ಹಿಗ್ಗಿಸುತ್ತಾ ಚರ್ಚೆ 2022ರ ಆಗಸ್ಟ್‌ವರೆಗೂ ಬಂತು. ಕೊನೆಗೆ ಮಂತ್ರಿ ಉತ್ತರ ಕೊಟ್ಟರು, ಸಂಸದರು ಮಸೂದೆ ವಾಪಸ್ ಪಡೆದರು. ಹೆಚ್ಚಿನವು ಮುಗಿಯುವುದು ಹೀಗೆಯೇ. ‘ನಿಮ್ಮ ಕಾಳಜಿ ಮೆಚ್ಚತಕ್ಕದ್ದು, ವಾಪಸ್ ತಗೊಳ್ಳಿ’ ಎಂಬ ಧಾಟಿಯಲ್ಲಿ.

ಇಲ್ಲಿಯವರೆಗೆ ಕಾನೂನಾದ ಖಾಸಗಿ ಮಸೂದೆಗಳು ಒಟ್ಟು 14. ಕೊನೆಯದು 1970ರಲ್ಲಿ. ಪತ್ರಿಕೆಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದರಲ್ಲೊಂದರ ಋಣ ಇದೆ. ಸಂಸತ್ತಿನಲ್ಲಿ ಆಡಿದ್ದನ್ನು ಇದ್ದ ಹಾಗೆ ವರದಿ ಮಾಡಿದವರಿಗೆ ರಕ್ಷಣೆ ಕೊಟ್ಟ 1956ರ ಕಾಯ್ದೆ ಫಿರೋಜ್ ಗಾಂಧಿ ತಂದ ಖಾಸಗಿ ಮಸೂದೆ. ತುರ್ತು ಪರಿಸ್ಥಿತಿಯಲ್ಲಿ ಅದನ್ನು ರದ್ದು ಮಾಡಿದರು, 1977ರಲ್ಲಿ ಮತ್ತೆ ತಂದರು. ಇನ್ನು ಕೆಲವು ಮಸೂದೆಗಳು ಸರ್ಕಾರವನ್ನು ಎಬ್ಬಿಸುತ್ತವೆ. ತಿರುಚ್ಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆಯನ್ನು 2015ರಲ್ಲಿ ರಾಜ್ಯಸಭೆ ಅಂಗೀಕರಿಸಿತು. ಕಾನೂನಾದದ್ದು ಅದಲ್ಲ, 2019ರಲ್ಲಿ ಸರ್ಕಾರ ತಂದ ಬೇರೆ ಮಸೂದೆ.

ನೀವೇ ನೋಡುವುದು ಹೇಗೆ?

ಗುರುವಾರ ರಾತ್ರಿ ಸಂಸತ್ತಿನ ವೆಬ್‌ಸೈಟ್‌ನಲ್ಲಿ ಮಾರನೆಯ ದಿನದ ಕಲಾಪ ಪಟ್ಟಿ ತೆರೆಯಿರಿ. ಕೆಳಗೆ ಇಳಿದು ಖಾಸಗಿ ಸದಸ್ಯರ ಭಾಗಕ್ಕೆ ಹೋಗಿ. ‘ಮಂಡನೆಗೆ’ ಎಂಬ ಉದ್ದದ ಪಟ್ಟಿಯಲ್ಲಿ ನಿಮ್ಮ ಸಂಸದರ ಹೆಸರಿದ್ದರೆ ಪೋಸ್ಟರ್ ಬರುತ್ತದೆ, ಅಷ್ಟೇ. ‘ಪರಿಶೀಲನೆ ಮತ್ತು ಅಂಗೀಕಾರಕ್ಕೆ’ ಎಂಬ ಭಾಗದಲ್ಲಿದ್ದರೆ ಎಷ್ಟನೆಯದು ನೋಡಿ. ಒಂದನೆಯದೋ ಎರಡನೆಯದೋ ಆಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆರನೆಯದಾಗಿದ್ದರೆ ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿಕೊಳ್ಳಬೇಡಿ.

ಮೂರೂವರೆಗೆ ಸಂಸದ್ ಟಿವಿ ಹಾಕಿ. ಕ್ಯಾಮೆರಾ ಸದನದ ಮೇಲೆ ಹಾಯುವಾಗ ತಲೆ ಎಣಿಸಿ. ಕೋರಂಗೆ (ಸದನ ನಡೆಯಲು ಇರಲೇಬೇಕಾದ ಕನಿಷ್ಠ ಹಾಜರಿಗೆ) ಹತ್ತರಲ್ಲೊಂದು ಪಾಲು, ಅಂದರೆ 55 ಜನ ಬೇಕು. ಶುಕ್ರವಾರ ಸಂಜೆ ಊರಿನ ವಿಮಾನ ಹಿಡಿಯುವ ಅವಸರ ಎಲ್ಲರಿಗೂ ಇರುತ್ತದೆ. ಯಾರಾದರೂ ಒಬ್ಬರು ಎದ್ದು ‘ಕೋರಂ ಇಲ್ಲ’ ಅಂದರೆ ಗಂಟೆ ಬಾರಿಸುತ್ತಾರೆ. ಆಗಲೂ ಜನ ಸೇರದಿದ್ದರೆ ಸದನ ಮುಂದೂಡಿ, ಆನೆ ಮಸೂದೆ ಮುಂದಿನ ಮಸೂದೆಗಳ ಶುಕ್ರವಾರಕ್ಕೆ ಕಾಯುತ್ತದೆ.