ಗೀಸರ್ ಉರಿ ಪದೇ ಪದೇ ಆರುತ್ತಿದೆಯಾ? ಮೊದಲು ಗಡಿಯಾರ ನೋಡಿ

ಗ್ಯಾಸ್ ಗೀಸರ್ ಆರುವುದು ತಲೆಗೆ ಶಾಂಪೂ ಹಚ್ಚಿಕೊಂಡ ಮೇಲೇ. ಡಿಸೆಂಬರ್ ಬೆಳಗಿನ ಆರು ಗಂಟೆಗೆ ನಮ್ಮ ಆಲ್ದೂರು ಕಡೆಯ ತಣ್ಣೀರು ಬೆನ್ನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಇದು ವಾರಗಟ್ಟಲೆ ನಡೆಯಿತು. ಅತ್ತೆ ಬಚ್ಚಲೊಲೆಯ ಮುಂದೆ ಕೂತು, "ನಮ್ಮ ಹಂಡೆ ಯಾವತ್ತಾದ್ರೂ ಹೀಗೆ ಕೈ ಕೊಟ್ಟಿದ್ದುಂಟಾ?" ಎಂದು ದಿನಾ ಕೇಳುತ್ತಿದ್ದರು. ರಿಪೇರಿಯವರೊಬ್ಬರು ಬಂದರು. ಕಂಟ್ರೋಲ್ ಬಾಕ್ಸ್ ಹೋಗಿದೆ ಎಂದು ಬದಲಿಸಿದರು. ದುಡ್ಡು ತೆಗೆದುಕೊಂಡು ಹೋದರು. ಮೂರನೇ ದಿನ ಮತ್ತೆ ಅದೇ ಕಥೆ. ಕೊನೆಗೆ ಸಿಕ್ಕಿದ ಕಾರಣಕ್ಕೆ ಖರ್ಚಾಗಿದ್ದು ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಮಾತ್ರ.

ಆ ವಾರಗಳಲ್ಲಿ ನಾನು ಕಲಿತದ್ದು ಇಷ್ಟು. ಗೀಸರ್ ಉರಿ ಸುಮ್ನೆ ಆರುವುದು ಅಪರೂಪ. ಬಹಳ ಸಲ ಒಳಗಿನ ಯಾವುದೋ ಭಾಗ ಬೇಕೆಂದೇ ಗ್ಯಾಸ್ ನಿಲ್ಲಿಸಿರುತ್ತದೆ. ನೀರು ಸಾಲದಿದ್ದರೆ ಒಂದು, ಉರಿ ಇದೆ ಎಂದು ಗೊತ್ತಾಗದಿದ್ದರೆ ಇನ್ನೊಂದು, ನೀರು ಅತಿಯಾಗಿ ಕಾದರೆ ಮತ್ತೊಂದು. ಯಾವುದು ನಿಲ್ಲಿಸಿತು ಎಂದು ತಿಳಿಯಲು ಸುಲಭ ದಾರಿ ಅಂದರೆ ಎಷ್ಟು ಹೊತ್ತಿಗೆ ಆರುತ್ತದೆ ಎಂದು ನೋಡುವುದು. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇದೆ ಅಲ್ವಾ, ಅದು ಸಾಕು.

ಕೈ ಹಾಕುವ ಮುಂಚೆ

ಸಿಲಿಂಡರ್‌ನ ರೆಗ್ಯುಲೇಟರ್ ಮುಚ್ಚಿ. ಕಿಟಕಿ, ಬಾಗಿಲು ತೆರೆಯಿರಿ. ಹತ್ತು ನಿಮಿಷ ಕಾಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ಕೂರುತ್ತದೆ. ಹಾಗಾಗಿ ನಿಂತು ಮೂಸಿದರೆ ಸಾಲದು, ಬಗ್ಗಿ ಮೂಸಬೇಕು. ವಾಸನೆ ಬಂದರೆ ಲೈಟಿನ ಸ್ವಿಚ್ ಕೂಡ ಮುಟ್ಟಬೇಡಿ. ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅದು ಎಲ್‌ಪಿಜಿ ಸೋರಿಕೆಯ ತುರ್ತು ನಂಬರ್, ದಿನದ 24 ಗಂಟೆಯೂ ಇರುತ್ತದೆ. ವಾಸನೆ ಇಲ್ಲದಿದ್ದರೂ ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ, ರೆಗ್ಯುಲೇಟರ್ ಒಮ್ಮೆ ತೆರೆದು ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದೇ ಅರ್ಥ. ಬೆಂಕಿಕಡ್ಡಿ ಗೀರಿ ಸೋರಿಕೆ ನೋಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ.

ನಿಮ್ಮದು ಯಾವ ಜಾತಿಯ ಗೀಸರ್ ಎಂದೂ ನೋಡಿಕೊಳ್ಳಿ. ಈಗ ಹೆಚ್ಚಿನ ಮನೆಗಳಲ್ಲಿರುವುದು ಸೆಲ್ ಹಾಕುವ ಗೀಸರ್. ನಲ್ಲಿ ತಿರುಗಿಸಿದ ಕೂಡಲೇ ಟಕಟಕ ಕಿಡಿ ಹಾರಿ ಹೊತ್ತಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ ಸಣ್ಣ ಪೈಲಟ್ ಉರಿ ಸದಾ ಇರುತ್ತದೆ, ಗುಬುಟು ಒತ್ತಿ ಹಿಡಿದು ಹೊತ್ತಿಸಬೇಕು. ಹಳೆಯ ಬಂಗಲೆಗಳಲ್ಲಿ, ಕೆಲವು ಹೋಮ್‌ಸ್ಟೇಗಳಲ್ಲಿ ಇದು ಇನ್ನೂ ಇದೆ. ಮೊದಲು ಸೆಲ್ ಗೀಸರ್ ನೋಡೋಣ.

ಟಕಟಕ ಸದ್ದು, ಉರಿ ಇಲ್ಲ

ಮೊದಲ ಅನುಮಾನ ಸೆಲ್ ಮೇಲೆ. ಒಳಗೆ ಟಾರ್ಚಿಗೆ ಹಾಕುವಂಥ ಎರಡು ದಪ್ಪ ಸೆಲ್ ಇರುತ್ತವೆ. ಒಂದೊಂದು 1.5 ವೋಲ್ಟ್, ಸೇರಿ 3. ಸೆಲ್ ಸೋತಾಗ ಒಂದು ಮೋಸ ನಡೆಯುತ್ತದೆ. ಕಿಡಿ ಹಾರಿಸುವಷ್ಟು ಶಕ್ತಿ ಇರುತ್ತದೆ, ಗ್ಯಾಸ್ ಬಿಡುವ ವಾಲ್ವನ್ನು ತೆರೆದು ಹಿಡಿಯುವಷ್ಟು ಇರುವುದಿಲ್ಲ. ಸದ್ದು ಬರುತ್ತಿದೆ, ಹಾಗಾದರೆ ಸೆಲ್ ಸರಿಯಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಎರಡನ್ನೂ ಒಟ್ಟಿಗೆ ಬದಲಿಸಿ, ಆಲ್ಕಲೈನ್ ಹಾಕಿದರೆ ಒಳ್ಳೆಯದು. ಚಾರ್ಜ್ ಮಾಡುವ ಸೆಲ್‌ಗಳು ಸಾಮಾನ್ಯವಾಗಿ 1.2 ವೋಲ್ಟ್ ಇರುತ್ತವೆ, ಇಲ್ಲಿಗೆ ಬೇಡ. ನಮ್ಮ ಮಳೆಗಾಲದ ಥಂಡಿಗೆ ಸೆಲ್ ಡಬ್ಬಿಯ ಪಟ್ಟಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಹೊಸ ಸೆಲ್ ಹಾಕುವಾಗ ಪಟ್ಟಿಯನ್ನೂ ಉಜ್ಜಿ.

ಸೆಲ್ ಹೊಸದು, ಸದ್ದೂ ಜೋರಾಗಿದೆ, ಆದರೂ ಉರಿ ಬರುತ್ತಿಲ್ಲ ಎಂದಾದರೆ ಗ್ಯಾಸೇ ಬರುತ್ತಿಲ್ಲ. ಸಿಲಿಂಡರ್ ಈಗಷ್ಟೇ ಬದಲಿಸಿದ್ದರೆ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ನಲ್ಲಿಯನ್ನು ಮೂರ್ನಾಲ್ಕು ಸಲ ತೆರೆದು ಮುಚ್ಚಿ, ನಡುವೆ ಸ್ವಲ್ಪ ಬಿಡುವು ಕೊಡಿ.

ಹೊತ್ತಿ ನಾಲ್ಕೈದು ಸೆಕೆಂಡಿಗೆ ಆರಿದರೆ

ಇಲ್ಲಿ ಸೆನ್ಸರ್ ನೋಡಬೇಕು. ಬರ್ನರ್ ಪಕ್ಕದಲ್ಲಿ ಸಣ್ಣ ಕಡ್ಡಿಗಳು ಕಾಣುತ್ತವೆ. ಒಂದು ಕಿಡಿ ಹಾರಿಸುವುದು, ಇನ್ನೊಂದು ಉರಿಯೊಳಗೆ ಮೂತಿ ಚಾಚಿರುವುದು, ಅದೇ ಸೆನ್ಸರ್. ಉರಿಯ ಮೂಲಕ ತೀರಾ ಸಣ್ಣ ಕರೆಂಟ್ ಹರಿಯಬಲ್ಲದು. ಈ ಎರಡನೇ ಕಡ್ಡಿ ಅದನ್ನು ಹಿಡಿದು, ಉರಿ ಇದೆ ಎಂದು ಗ್ಯಾಸ್ ಬಿಡುವ, ನಿಲ್ಲಿಸುವ ಕಂಟ್ರೋಲ್ ಬಾಕ್ಸಿಗೆ ತಿಳಿಸುತ್ತದೆ. ಕಡ್ಡಿಗೆ ಮಸಿ ಕಟ್ಟಿದರೆ ಸುದ್ದಿ ತಲುಪುವುದಿಲ್ಲ. ಉರಿ ಕಣ್ಣೆದುರಿಗೇ ಇದ್ದರೂ ಬಾಕ್ಸ್ ಗ್ಯಾಸ್ ನಿಲ್ಲಿಸಿಬಿಡುತ್ತದೆ.

ಸೆಲ್ ತೆಗೆಯಿರಿ, ಗ್ಯಾಸ್ ಮುಚ್ಚಿ, ಪೂರ್ತಿ ತಣ್ಣಗಾಗಲು ಬಿಡಿ. ಮುಂದಿನ ಮುಚ್ಚಳ ಬಿಚ್ಚಿ. ನುಣುಪಾದ ಸ್ಯಾಂಡ್ ಪೇಪರಿನಿಂದ ಕಡ್ಡಿಯ ತುದಿಯನ್ನು ಮೆಲ್ಲಗೆ ಉಜ್ಜಿ, ಒಣ ಬಟ್ಟೆಯಲ್ಲಿ ಒರೆಸಿ. ಅದರ ಬಿಳಿ ಪಿಂಗಾಣಿ ಬುಡ ಬಿರುಕು ಬಿಟ್ಟಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಕಡ್ಡಿಯನ್ನೇ ಬದಲಿಸಬೇಕು. ವೈರು ಸಡಿಲವಾಗಿದೆಯೇ ಎಂದೂ ನೋಡಿ. ಕಡ್ಡಿಯನ್ನು ಬಗ್ಗಿಸಬೇಡಿ, ಉರಿಯಿಂದ ಸ್ವಲ್ಪ ಸರಿದರೂ ಮತ್ತೆ ಅದೇ ತೊಂದರೆ.

ಸ್ನಾನದ ನಡುವೆ ಆರಿದರೆ

ನಮ್ಮ ಮನೆಯದು ಇದೇ. ಕಾರಣಗಳೂ ಇಲ್ಲೇ ಜಾಸ್ತಿ.

ಗೀಸರ್ ಹೊತ್ತಿಕೊಳ್ಳುವುದು ನೀರಿನ ಒತ್ತಡದಿಂದ. ಒಳಗೊಂದು ರಬ್ಬರ್ ಪೊರೆ ಇದೆ. ನೀರು ಹರಿದಾಗ ಅದು ಉಬ್ಬಿ ಸ್ವಿಚ್ಚನ್ನು ಒತ್ತುತ್ತದೆ. ನೀರು ಕಡಿಮೆಯಾದರೆ ಪೊರೆ ಇಳಿಯುತ್ತದೆ, ಉರಿ ಆರುತ್ತದೆ. ಟ್ಯಾಂಕ್ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಒಂದಂತಸ್ತಿನ ಮನೆಯಲ್ಲಿ ಟ್ಯಾಂಕಿನ ನೀರು ಗೀಸರ್‌ಗಿಂತ ಎರಡೂವರೆ ಮೀಟರ್ ಮೇಲಿದೆ ಅನ್ನಿ. ಆಗ ಸಿಗುವುದು 0.25 ಬಾರ್ ಮಾತ್ರ. ಬಹಳಷ್ಟು ಗೀಸರ್‌ಗಳಿಗೆ ಅದು ಹೌದೋ ಅಲ್ಲವೋ ಎನ್ನುವ ಲೆಕ್ಕ. ಯಾರೋ ಅಡುಗೆಮನೆಯ ನಲ್ಲಿ ತಿರುಗಿಸಿದರೆ ಮುಗಿಯಿತು.

ನಮ್ಮದು ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರು. ಒತ್ತಡಕ್ಕೇನೂ ಬರವಿಲ್ಲ. ಅದಕ್ಕೇ ಆ ಕಡೆ ನನ್ನ ತಲೆ ಹೋಗಲಿಲ್ಲ. ಆದರೆ ಅಬ್ಬಿ ನೀರಿನ ಜೊತೆ ಮರಳು, ಎಲೆಚೂರು, ಪಾಚಿ ಎಲ್ಲವೂ ಬರುತ್ತವೆ. ಗೀಸರ್‌ಗೆ ತಣ್ಣೀರು ಹೋಗುವ ಜಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಜಾಲರಿ ಇರುತ್ತದೆ. ನೀರು ಬಂದ್ ಮಾಡಿ, ಪೈಪ್ ಬಿಚ್ಚಿ ನೋಡಿದರೆ ನಮ್ಮ ಜಾಲರಿ ಕೆಸರು ಮೆತ್ತಿ ಕಾಫಿಪುಡಿ ತುಂಬಿದ ಫಿಲ್ಟರ್ ಹಾಗೆ ಕಾಣುತ್ತಿತ್ತು. ಹಳೆಯ ಬ್ರಷ್‌ನಲ್ಲಿ ತಿಕ್ಕಿ ತೊಳೆದು ಹಾಕಿದೆ. ಐದು ನಿಮಿಷದ ಕೆಲಸ. ಈಗ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೊಳೆಯುತ್ತೇನೆ. ಶವರಿನ ತೂತುಗಳು ಕಟ್ಟಿಕೊಂಡರೂ ಇದೇ ತೊಂದರೆ, ಅದನ್ನೂ ಬಿಚ್ಚಿ ನೋಡಿ.

ನೀರು ಸರಿಯಾಗಿದ್ದು, ಚಳಿ ದಿನ ಮಾತ್ರ ಉರಿ ಮೆಲ್ಲಗೆ ಕುಗ್ಗಿ ಆರುತ್ತಿದ್ದರೆ ಸಿಲಿಂಡರ್ ನೋಡಿ. ಅದರ ಮೈ ಬೆವರಿದೆಯೇ? ಕೈಯಿಟ್ಟರೆ ಕೊರೆಯುತ್ತದೆಯೇ? ಒಳಗಿರುವುದು ದ್ರವ. ಅದು ಆವಿಯಾದಾಗಲೇ ನಮಗೆ ಗ್ಯಾಸ್, ಆವಿಯಾಗುತ್ತಾ ಸಿಲಿಂಡರ್ ತಣ್ಣಗಾಗುತ್ತದೆ. ನಮ್ಮ ಎಲ್‌ಪಿಜಿ ಬ್ಯೂಟೇನ್ ಮತ್ತು ಪ್ರೊಪೇನ್‌ನ ಮಿಶ್ರಣ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿಯುತ್ತದೆ. ಬ್ಯೂಟೇನ್ ಕುದಿಯುವುದು ಸೊನ್ನೆಯ ಆಸುಪಾಸಿನಲ್ಲಿ, ಅದಕ್ಕೆ ಚಳಿ ಎಂದರೆ ಆಗದು. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಗ್ಯಾಸ್ ಕುಡಿಯುತ್ತದೆ. ಒಲೆಯ ದೊಡ್ಡ ಬರ್ನರ್‌ನ ನಾಲ್ಕೈದು ಪಟ್ಟು. 14.2 ಕೆ.ಜಿ.ಯ ಸಿಲಿಂಡರ್ ಮುಗಿಯುತ್ತ ಬಂದಾಗ, ಚಳಿಯ ಬೆಳಿಗ್ಗೆ, ಸಾಲಾಗಿ ನಾಲ್ಕು ಜನ ಸ್ನಾನಕ್ಕೆ ನಿಂತರೆ ಅದಕ್ಕೆ ಅಷ್ಟು ಕೊಡಲು ಆಗುವುದಿಲ್ಲ. ಒಬ್ಬೊಬ್ಬರ ನಡುವೆ ಬಿಡುವು ಕೊಡಿ, ಇಲ್ಲವೇ ತುಂಬಿದ ಸಿಲಿಂಡರ್ ಹಾಕಿ. ಬಿಸಿನೀರು ಸುರಿಯುವುದು, ಸಿಲಿಂಡರ್ ಮಲಗಿಸುವುದು, ಅಲ್ಲಾಡಿಸುವುದು ಯಾವುದೂ ಬೇಡ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ನುಗ್ಗಬಹುದು. ಒಂದೇ ಸಿಲಿಂಡರ್‌ಗೆ 'T' ಆಕಾರದ ಜೋಡಣೆ ಹಾಕಿ ಒಲೆಗೂ ಗೀಸರ್‌ಗೂ ಗ್ಯಾಸ್ ಕೊಟ್ಟಿದ್ದರೆ, ದೋಸೆ ಹೊಯ್ಯುವಾಗಲೇ ಗೀಸರ್ ಆರುವುದರಲ್ಲಿ ಆಶ್ಚರ್ಯವಿಲ್ಲ. ಆ ಜೋಡಣೆಯೇ ಸುರಕ್ಷಿತವಲ್ಲ, ಬಿಡಿಸಿ.

ಉರಿ ಚೆನ್ನಾಗಿದ್ದು, ನೀರು ಸುಡುವಷ್ಟು ಕಾದು ಆಮೇಲೆ ಪಟ್ಟನೆ ಆರಿದರೆ ಅದು ಅತಿ ಬಿಸಿಯ ಸ್ವಿಚ್ಚಿನ ಕೆಲಸ. ಬೇಸಿಗೆಯಲ್ಲಿ ಇದು ಹೆಚ್ಚು. ಗ್ಯಾಸ್ ಗುಬುಟು ತಗ್ಗಿಸಿ, ನೀರು ಹೆಚ್ಚಿಸಿ, ಚಳಿಗಾಲ–ಬೇಸಿಗೆ ಗುಬುಟು ಇದ್ದರೆ ಬೇಸಿಗೆಗೆ ತಿರುಗಿಸಿ. ಇನ್ನು ಸ್ಟಾಪ್‌ವಾಚ್ ಸರಿಯಾಗಿ 20 ನಿಮಿಷ ತೋರಿಸಿದರೆ ನಗಬಹುದು. ಹಲವು ಗೀಸರ್‌ಗಳಲ್ಲಿ 20 ನಿಮಿಷಕ್ಕೆ ತಾನೇ ನಿಲ್ಲುವ ಟೈಮರ್ ಇರುತ್ತದೆ. ಗೀಸರ್ ಸರಿಯಿದೆ, ಸ್ನಾನ ಉದ್ದವಾಗಿದೆ.

ಪೈಲಟ್ ಉರಿಯ ಗೀಸರ್

ಇದರಲ್ಲಿ ಸೆಲ್ ಬದಲು ಥರ್ಮೋಕಪಲ್ ಇರುತ್ತದೆ. ಎರಡು ಬೇರೆ ಲೋಹಗಳನ್ನು ಬೆಸೆದ ಕಡ್ಡಿ. ತುದಿ ಕಾದರೆ ಅದರಲ್ಲೇ ಕರೆಂಟ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡುಕೊಂಡ ಗುಣ ಇದು. ಸಿಗುವುದು 20–30 ಮಿಲಿವೋಲ್ಟ್ ಅಷ್ಟೆ, ಆದರೆ ಗ್ಯಾಸ್ ವಾಲ್ವಿನ ಅಯಸ್ಕಾಂತವನ್ನು ಹಿಡಿದಿಡಲು ಅಷ್ಟು ಸಾಕು. ಪೈಲಟ್ ಆರಿದರೆ ತುದಿ ತಣ್ಣಗಾಗುತ್ತದೆ, ಅಯಸ್ಕಾಂತ ಬಿಟ್ಟುಕೊಡುತ್ತದೆ, ಗ್ಯಾಸ್ ನಿಲ್ಲುತ್ತದೆ.

ಗುಬುಟು ಬಿಟ್ಟ ಕೂಡಲೇ ಪೈಲಟ್ ಆರುತ್ತದೆಯೇ? ಮೊದಲು ಜಾಸ್ತಿ ಹೊತ್ತು ಒತ್ತಿ ಹಿಡಿದು ನೋಡಿ, 30 ಸೆಕೆಂಡಿನಿಂದ ಒಂದು ನಿಮಿಷ. ಆರಿದ ಮೇಲೆ ಪ್ರತಿ ಸಲವೂ ಐದು ನಿಮಿಷ ಬಿಟ್ಟೇ ಮತ್ತೆ ಹೊತ್ತಿಸಿ. ಆಗಲೂ ನಿಲ್ಲದಿದ್ದರೆ ಉರಿಯ ಬಣ್ಣ, ಆಕಾರ ನೋಡಿ. ನೀಲಿಯಾಗಿ, ಚುರುಕಾಗಿ, ಥರ್ಮೋಕಪಲ್ ತುದಿಯ ಸುಮಾರು ಒಂದು ಸೆಂಟಿಮೀಟರನ್ನು ಅಪ್ಪಿಕೊಂಡಿರಬೇಕು. ಹಳದಿಯಾಗಿ ಜೋಲುತ್ತಿದ್ದರೆ ಪೈಲಟ್‌ನ ಸಣ್ಣ ತೂತು ಅಥವಾ ಗಾಳಿಯ ದಾರಿ ಕಟ್ಟಿದೆ. ನಮ್ಮಲ್ಲಿ ಇದಕ್ಕೆ ಸಾಮಾನ್ಯವಾಗಿ ಜೇಡ ಕಾರಣ, ಕೆಲವೊಮ್ಮೆ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ. ಹೋಮ್‌ಸ್ಟೇ ಕೋಣೆ ಎರಡು ತಿಂಗಳು ಖಾಲಿ ಬಿದ್ದರೆ ಸಾಕು, ಒಳಗೆ ಸಂಸಾರ ಹೂಡಿರುತ್ತವೆ. ತೂತನ್ನು ಗಾಳಿ ಊದಿ ಬಿಡಿಸಿ. ಪಿನ್ನು, ಸೂಜಿ ಹಾಕಬೇಡಿ. ತೂತು ದೊಡ್ಡದಾದರೆ ಉರಿ ಮತ್ತೆ ಸರಿಹೋಗುವುದಿಲ್ಲ.

ಉರಿ ಚೆನ್ನಾಗಿದ್ದೂ ಗುಬುಟು ಬಿಟ್ಟಾಗ ಆರಿದರೆ ಥರ್ಮೋಕಪಲ್ ತುದಿ ಒರೆಸಿ, ವಾಲ್ವ್ ಬಳಿಯ ಅದರ ನಟ್ಟನ್ನು ಕೈಯಲ್ಲಿ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಮಾತ್ರ ಬಿಗಿಯಿರಿ. ಅದಕ್ಕೂ ಬಗ್ಗದಿದ್ದರೆ ಥರ್ಮೋಕಪಲ್ ಹೋಗಿದೆ. ಗಾಳಿ ಬೀಸಿದ ದಿನ ಮಾತ್ರ ಆರುತ್ತದೆ ಎಂದಾದರೆ ಹೊಗೆ ಕೊಳವೆಯ ಬಾಯಿ ಗಾಳಿಗೆ ಎದುರಾಗಿದೆಯೇ, ಟೋಪಿ ಹಾರಿಹೋಗಿದೆಯೇ ನೋಡಿ.

ಒಂದು ಆರುವಿಕೆಗೆ ಮಾತ್ರ ನೀವಾಗಿ ಮದ್ದು ಮಾಡಬೇಡಿ. ಕಿಟಕಿ ಮುಚ್ಚಿದಾಗ ಆರುತ್ತದೆ, ತೆರೆದಾಗ ಚೆನ್ನಾಗಿ ಉರಿಯುತ್ತದೆ ಎಂದಾದರೆ ಕೋಣೆಯಲ್ಲಿ ಆಮ್ಲಜನಕ ಸಾಲುತ್ತಿಲ್ಲ. ಕೆಲವು ಗೀಸರ್‌ಗಳ ಪೈಲಟ್ ಇದನ್ನು ಹಿಡಿಯಲೆಂದೇ ಮಾಡಿದ್ದು. ಆಮ್ಲಜನಕ ಕುಗ್ಗಿದರೆ ಉರಿ ಥರ್ಮೋಕಪಲ್‌ನಿಂದ ಮೇಲಕ್ಕೆದ್ದು ತಾನೇ ಆರುತ್ತದೆ. ಹಾಗೆ ಆರದ ಗೀಸರ್ ಮುಚ್ಚಿದ ಬಚ್ಚಲಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಸ್ನಾನದ ನಡುವೆ ತಲೆನೋವು, ತಲೆಸುತ್ತು ಬಂದರೆ ಕೂಡಲೇ ಹೊರಗೆ ಬನ್ನಿ, ಬಟ್ಟೆಯ ಚಿಂತೆ ಆಮೇಲೆ. ಸೆನ್ಸರ್ ವೈರನ್ನು ಶಾರ್ಟ್ ಮಾಡಿ "ಇನ್ನು ಆರಲ್ಲ ಬಿಡಿ ಸಾರ್" ಎನ್ನುವ ರಿಪೇರಿಯವರು ಸಿಕ್ಕರೆ ಅಲ್ಲಿಂದಲೇ ಕೈಮುಗಿದು ಕಳಿಸಿ. ಗೀಸರ್ ಇರಬೇಕಾದದ್ದು ಬಚ್ಚಲ ಹೊರಗಿನ ಗೋಡೆಯಲ್ಲಿ, ಮಳೆ ಬೀಳದ ಕಡೆ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬಂದರೆ ಸಾಕು. ನಮ್ಮದನ್ನೂ ಹೋದ ವರ್ಷ ಹೊರಗೆ ಹಾಕಿಸಿದೆವು. ಅತ್ತೆ ಇನ್ನೂ ಹಂಡೆ ನೀರೇ ಬಳಸುತ್ತಾರೆ.

ಬಿಡಿಭಾಗ ತರಲು ಪೇಟೆಗೆ ಹೋಗುವಾಗ ಹಳೆಯದನ್ನೇ ಬಿಚ್ಚಿ ಜೊತೆಗೆ ಒಯ್ಯಿರಿ. ಥರ್ಮೋಕಪಲ್‌ಗಳಲ್ಲಿ ಉದ್ದ ಬೇರೆ, ಥ್ರೆಡ್ ಬೇರೆ. ರಬ್ಬರ್ ಪೊರೆಗಳಲ್ಲೂ ಅಗಲ ಬೇರೆ ಬೇರೆ. ಗೀಸರ್ ಬದಿಯಲ್ಲಿ ಅಂಟಿಸಿರುವ ಮಾಡೆಲ್ ನಂಬರಿನ ಫೋಟೊವೂ ಮೊಬೈಲ್‌ನಲ್ಲಿರಲಿ. ಇಲ್ಲದಿದ್ದರೆ ಆಲ್ದೂರಿನಿಂದ ಚಿಕ್ಕಮಗಳೂರಿಗೆ ಎರಡು ಸಲ ಓಡಾಡಬೇಕಾಗುತ್ತದೆ, ನಾನು ಓಡಾಡಿದ ಹಾಗೆ.