ಹೊಳೆಯುವ ಪೈಪು, ಕರಿ ಬೀಡು ಕಬ್ಬಿಣ: ಟರ್ಬೊ ಗಾಡಿಗೆ ಮ್ಯಾನಿಫೋಲ್ಡ್ ಆರಿಸಿದ ನನ್ನ ಅನುಭವ

ಎಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಬಾನೆಟ್ಟಿನ ಹಿಂಭಾಗದಿಂದ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು. ಟಿಕ್ ಟಿಕ್ ಟಿಕ್. ಐದು ನಿಮಿಷ ಓಡಿದ ಮೇಲೆ ಮಾಯ. ವಾಲ್ವ್ ಒತ್ತುವ ಟ್ಯಾಪೆಟ್ ಇರಬೇಕು ಅಂತ ಎರಡು ವಾರ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೂರನೇ ವಾರ ಶೆಡ್ಡಿಗೆ ಬಂದ ಭಾವಮೈದ ಕಿವಿಗೊಟ್ಟು ಕೇಳಿ, “ಭಾವ, ಇದು ಟ್ಯಾಪೆಟ್ ಅಲ್ಲ, ಎಲ್ಲೋ ಉಸಿರು ಬಿಡ್ತಿದೆ” ಅಂದ.

ಪತ್ತೆ ಮಾಡುವ ಉಪಾಯವೂ ಅವನದೇ. ಮನೆಯ ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಗಾಳಿ ಊದುವ ಬಾಯಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಬಟ್ಟೆ ಸುತ್ತಿ ಸೈಲೆನ್ಸರ್ ಬಾಯಿಗೆ ತುರುಕಿದೆವು. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬಾಟಲಿಯಲ್ಲಿ ತುಂಬಿ, ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಟರ್ಬೊಗೆ ಒಯ್ಯುವ ಮ್ಯಾನಿಫೋಲ್ಡ್ ಮೇಲೆಲ್ಲ ಹೊಡೆದೆವು. ನಾಲ್ಕು ಪೈಪು ಬಂದು ಒಂದಾಗುವ ಜಾಗದಲ್ಲಿ, ವೆಲ್ಡಿಂಗಿನ ಅಂಚಿಗೆ ನೊರೆ ಉಬ್ಬಿತು. ಒರೆಸಿ, ಟಾರ್ಚ್ ಹಾಕಿ, ಚಿಕ್ಕ ಕನ್ನಡಿ ಹಿಡಿದು ನೋಡಿದರೆ ಕೂದಲೆಳೆಯಂಥ ಬಿರುಕು, ಎರಡು ಸೆಂಟಿಮೀಟರ್ ಉದ್ದ, ಸುತ್ತ ಮಸಿ. ಬಿಸಿಯಾದಾಗ ಲೋಹ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತಿತ್ತು, ಸದ್ದು ನಿಲ್ಲುತ್ತಿತ್ತು. ಆ ಮ್ಯಾನಿಫೋಲ್ಡ್ ತರಿಸಿ ಇನ್ನೂ ಎಂಟು ತಿಂಗಳಾಗಿರಲಿಲ್ಲ.

ಗಾಡಿ ಯಾವುದು ಅಂತ ಹೇಳಲಿಲ್ಲ. 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1781 ಸಿಸಿ, ಒಂದೊಂದು ಸಿಲಿಂಡರಿಗೆ ಐದೈದು ವಾಲ್ವ್, ಕಂಪನಿಯಿಂದ ಬಂದಾಗ 150 ಕುದುರೆ ಶಕ್ತಿ, 210 ನ್ಯೂಟನ್ ಮೀಟರ್ ಟಾರ್ಕ್. ಅದರ ಟರ್ಬೊ, ಅಂದರೆ ಹೊಗೆಯ ರಭಸಕ್ಕೆ ತಿರುಗಿ ಎಂಜಿನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ, ಕೆ03 ಅನ್ನುವ ಚಿಕ್ಕ ಪ್ರಾಣಿ. ಬೇಗ ಎದ್ದು ಓಡುತ್ತದೆ, 5000 ಆರ್‌ಪಿಎಂ ದಾಟಿದರೆ ಏದುಸಿರು. ನನಗೆ ಬೇಕಿದ್ದದ್ದು 220 ಕುದುರೆಯ ಆಸುಪಾಸು. ವರ್ಷಕ್ಕೆ ಮೂರ್ನಾಲ್ಕು ಸಲ ಶ್ರೀಪೆರುಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಬೇಕು, ಅಷ್ಟೇ. ಗಾಡಿ ಅಲ್ಲಿಗೆ ಹೋಗುವುದು ಫ್ಲಾಟ್‌ಬೆಡ್ ಲಾರಿಯ ಮೇಲೆ. ರಸ್ತೆಯಲ್ಲಿ ಓಡಿಸುವ ಗಾಡಿಗೆ ಇಂಥದ್ದು ಮಾಡುವವರು ಮೊದಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ದೊಡ್ಡ ಟರ್ಬೊ ಕೂರಿಸಲು ತರಿಸಿದ್ದ, ಈಗ ಬಿರುಕು ಬಿಟ್ಟ ಆ ಮ್ಯಾನಿಫೋಲ್ಡ್ ನಾನು ಕೊಂಡದ್ದು ಕಣ್ಣಿನಿಂದ, ಬುದ್ಧಿಯಿಂದಲ್ಲ. ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬುಲರ್, ನಾಲ್ಕು ಪೈಪೂ ಸಮ ಉದ್ದ, ಹಾವಿನ ಹಾಗೆ ಬಳುಕಿ ಒಂದೇ ಬಾಯಿಗೆ ಬಂದು ಸೇರುತ್ತಿದ್ದವು. ಊಟದ ಮೇಜಿನ ಮೇಲೆ ಇಟ್ಟು ಎರಡು ದಿನ ನೋಡಿದೆ. “ಇದು ಗಾಡಿಗಾ, ಶೋಕೇಸಿಗಾ?” ಅಂತ ಹೆಂಡತಿ ಕೇಳಿದಳು. ಅವಳಿಗೆ ಆಗಲೇ ತಿಳಿದಿತ್ತು ಅಂತ ಕಾಣುತ್ತೆ.

ಸಮ ಉದ್ದದ ಪೈಪಿಗೆ ಅರ್ಥವಿಲ್ಲ ಅಂತಲ್ಲ. ಈ ಎಂಜಿನ್ ಉರಿಯುವ ಕ್ರಮ 1-3-4-2. ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ತೆರೆದು ಹೊಗೆ ರಭಸದಿಂದ ನುಗ್ಗುವಾಗ, ಒಂದನೆಯದರ ಎಕ್ಸಾಸ್ಟ್ ವಾಲ್ವ್ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ. ಪೈಪು ಗಿಡ್ಡವಾಗಿದ್ದರೆ ಆ ರಭಸ ಪಕ್ಕದ ಮನೆಗೆ ನುಗ್ಗುತ್ತದೆ, ಬಿಸಿ ಹೊಗೆ ಒಳಗೇ ಉಳಿಯುತ್ತದೆ, ನಾಕಿಂಗ್ (ಪೆಟ್ರೋಲು ಹೊತ್ತಲ್ಲದ ಹೊತ್ತಲ್ಲಿ ತಾನಾಗಿ ಸಿಡಿಯುವುದು) ಶುರುವಾಗುತ್ತದೆ. ನಮ್ಮ ಬಂಕುಗಳ ಸಾದಾ ಪೆಟ್ರೋಲಿನಲ್ಲಿ ಇದು ಇನ್ನೂ ಬೇಗ ಗೊತ್ತಾಗುತ್ತದೆ. ಉದ್ದನೆಯ ಪೈಪು ಆ ಹೊಡೆತವನ್ನು ತಡವಾಗಿ ತಲುಪಿಸುತ್ತದೆ. ಆದರೆ ಉದ್ದ ಅಂದರೆ ಒಳಗಿನ ಜಾಗವೂ ಹೆಚ್ಚು. ಅಷ್ಟು ಜಾಗ ತುಂಬಿದ ಮೇಲೇ ಟರ್ಬೊಗೆ ಒತ್ತಡ ಸಿಗುವುದು. ಒಂದು ಕಡೆ ಕೊಟ್ಟು ಇನ್ನೊಂದು ಕಡೆ ಕಿತ್ತುಕೊಂಡ ಹಾಗೆ. 1-4, 2-3 ಅಂತ ಜೋಡಿ ಮಾಡಿ ಎರಡು ದಾರಿಯಲ್ಲಿ ಕಳಿಸುವ ಟ್ವಿನ್ ಸ್ಕ್ರೋಲ್ ಇದಕ್ಕೆ ಒಳ್ಳೆಯ ಉತ್ತರ. ಆದರೆ ನನ್ನ ಗಾಡಿಯಲ್ಲಿ ಎಂಜಿನ್ ಅಡ್ಡಲಾಗಿ ಕೂತಿದೆ, ಎಕ್ಸಾಸ್ಟ್ ಹಿಂದಕ್ಕೆ, ಎಂಜಿನಿಗೂ ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆಯಾದ ಫೈರ್‌ವಾಲ್ ಕಡೆಗೆ. ಅಲ್ಲಿ ಕೈ ತೂರಿಸುವುದೇ ಕಷ್ಟ.

ಬಿರುಕು ಬಿಟ್ಟದ್ದನ್ನು ಬಿಚ್ಚಿ ಪೀಣ್ಯಕ್ಕೆ ಒಯ್ದೆ. ಅಲ್ಲಿ ಟಿಗ್ ವೆಲ್ಡಿಂಗ್ ಮಾಡುವವರು ಗದಗ ಕಡೆಯವರು, ಮಾತು ಕಡಿಮೆ. ಒಳಗೆ ಬೆರಳಾಡಿಸಿ, “ಸಕ್ಕರಿ ಕಟ್ಟೇತಿ ನೋಡ್ರಿ ಸರ” ಅಂದರು. ನಿಜ, ವೆಲ್ಡಿಂಗಿನ ಬೆನ್ನಿಗೆ ಕಪ್ಪು ಸಕ್ಕರೆ ಹರಳಿನ ಹಾಗೆ ಒರಟು. ಸ್ಟೇನ್‌ಲೆಸ್ ಬೆಸೆಯುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿಸಬೇಕು, ಇಲ್ಲದಿದ್ದರೆ ಒಳಮೈ ಗಾಳಿ ತಾಗಿ ಸುಟ್ಟು ಹೀಗಾಗುತ್ತದೆ. ಬಿರುಕು ಹುಟ್ಟುವುದೇ ಇಂಥ ಕಡೆ. ಇದನ್ನು ಮಾಡಿದವರು ಹೊರಗೆ ಪಾಲಿಶ್ ಹೊಡೆದಿದ್ದರು, ಒಳಗೆ ಗ್ಯಾಸ್ ಬಿಟ್ಟಿರಲಿಲ್ಲ.

ಇನ್ನೊಂದು ತೊಂದರೆಯನ್ನೂ ಅಲ್ಲೇ ಸರಿ ಮಾಡಿಸಿದೆ. ಹೊರಗಿನ ವೇಸ್ಟ್‌ಗೇಟಿಗೆ (ಹೆಚ್ಚಾದ ಹೊಗೆಯನ್ನು ಟರ್ಬೊ ತಪ್ಪಿಸಿ ಬಿಡುವ ಬಾಗಿಲು) ಹೋಗುವ ಕೊಳವೆಯನ್ನು ಒಂದೇ ಒಂದು ಪೈಪಿಗೆ, ಅದೂ ಲಂಬವಾಗಿ ಅಂಟಿಸಿದ್ದರು. ಹೊಗೆ ಓಡುವ ದಿಕ್ಕು ಬಿಟ್ಟು ಅಷ್ಟು ಸೊಟ್ಟ ತಿರುಗಲು ಒಪ್ಪುವುದಿಲ್ಲ. ಹಾಗಾಗಿ 0.8 ಬಾರ್‌ಗೆ ಕಟ್ಟಿಟ್ಟ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಮೇಲಿನ ಆರ್‌ಪಿಎಂನಲ್ಲಿ ತಾನೇ ತಾನಾಗಿ 1.1ಕ್ಕೆ ಏರುತ್ತಿತ್ತು. ನಾಲ್ಕೂ ಸೇರುವ ಕಲೆಕ್ಟರಿಗೆ, ಹರಿವಿನ ದಿಕ್ಕಿಗೇ ಓರೆಯಾಗಿ ಕೂರಿಸಿದ ಮೇಲೆ ಮುಳ್ಳು ಕಟ್ಟಿಟ್ಟಲ್ಲೇ ನಿಂತಿತು. ಮ್ಯಾನಿಫೋಲ್ಡ್ ಕೊಳ್ಳುವಾಗ ನಾನು ಈಗ ಮೊದಲು ನೋಡುವುದೇ ಈ ಕೊಳವೆಯನ್ನು.

ಎರಡು ಟ್ರ್ಯಾಕ್ ದಿನ ಚೆನ್ನಾಗಿ ಹೋಯಿತು. ಮೂರನೆಯದರಲ್ಲಿ ಮತ್ತೆ ಹಲ್ಲಿ. ಈ ಸಲ ಬಿರುಕು ಹಳೆಯ ಜಾಗದಿಂದ ಒಂದು ಸೆಂಟಿಮೀಟರ್ ಆಚೆ. ಪೀಣ್ಯದವರು ತಿರುಗಿಸಿ ಮುರುಗಿಸಿ ನೋಡಿ, “ನನ್ ವೆಲ್ಡಿಂಗ್ ಹೋಗಿಲ್ರಿ, ಬಾಜೂಕಿನ ಪೈಪ್ ಹೋಗೇತಿ. ಇದನ್ನ ಎಷ್ಟ್ ಸಲ ಹೊಲಿದ್ರೂ ಅಷ್ಟ ರಿ” ಅಂದರು.

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು. 304 ದರ್ಜೆಯ ಸ್ಟೇನ್‌ಲೆಸ್ ಒಂದು ಡಿಗ್ರಿ ಬಿಸಿಗೆ ಮೀಟರಿಗೆ ಸುಮಾರು 17 ಮೈಕ್ರಾನ್ ಹಿಗ್ಗುತ್ತದೆ. 30 ಸೆಂಟಿಮೀಟರ್ ಪೈಪು 700 ಡಿಗ್ರಿ ಏರಿದರೆ ಮೂರೂವರೆ ಮಿಲಿಮೀಟರ್ ಉದ್ದವಾಗುತ್ತದೆ. ಆದರೆ ಒಂದು ತುದಿ ಎಂಜಿನಿನ ಮೇಲ್ಭಾಗಕ್ಕೆ, ನೀರಿನಿಂದ ತಂಪಾಗುವ ಅಲ್ಯೂಮಿನಿಯಂ ಹೆಡ್ಡಿಗೆ ಬಿಗಿದಿದೆ, ಇನ್ನೊಂದು ತುದಿಗೆ ಆರೇಳು ಕೆಜಿಯ ಟರ್ಬೊ ಜೋತುಬಿದ್ದಿದೆ. ಮೂರೂವರೆ ಮಿಲಿಮೀಟರ್ ಎಲ್ಲಿಗೆ ಹೋಗಬೇಕು? ಪ್ರತಿ ಸಲವೂ ಪೈಪು ವೆಲ್ಡಿಂಗ್ ಪಕ್ಕದಲ್ಲೇ ಬಾಗುತ್ತದೆ, ತಣ್ಣಗಾದಾಗ ವಾಪಸ್ ಬಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಾಗಿಸಿ ಮುರಿಯುತ್ತೇವಲ್ಲ, ಅದೇ. ಬೀಡು ಕಬ್ಬಿಣ ಹಿಗ್ಗುವುದು ಇದರ ಮೂರನೇ ಎರಡರಷ್ಟು ಮಾತ್ರ, ಗೋಡೆ ದಪ್ಪ, ಕೀಲೇ ಇಲ್ಲ. ಇದರ ಜೊತೆಗೆ ನಾನೇ ಮಾಡಿದ ತಪ್ಪು ಎರಡು: ಟರ್ಬೊ ಭಾರ ಹೊರಲು ಬ್ರಾಕೆಟ್ ಹಾಕಿರಲಿಲ್ಲ, ಪೈಪಿಗೆಲ್ಲ ಬಿಸಿ ತಡೆಯುವ ಪಟ್ಟಿ ಸುತ್ತಿದ್ದೆ. ಪಟ್ಟಿ ಸುತ್ತಿದರೆ ಬಾನೆಟ್ ತಣ್ಣಗಿರುತ್ತದೆ, ಪೈಪು ಬೇಯುತ್ತದೆ.

ಟೈಟಾನಿಯಂ ಬೆರೆಸಿದ 321 ದರ್ಜೆಯಲ್ಲಿ ದಪ್ಪ ಪೈಪು ಹಾಕಿ, ಒಳಗೆ ಗ್ಯಾಸ್ ಬಿಟ್ಟು ಬೆಸೆದರೆ ಟ್ಯೂಬುಲರ್ ಕೂಡ ಬಾಳುತ್ತದೆ. ಅದರ ಬೆಲೆ ಕೇಳಿದೆ, ಸುಮ್ಮನಾದೆ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಬೀಡಿನದ್ದು ಎರಕ ಹೊಯ್ಯಿಸಬಹುದಾ ಅಂತಲೂ ವಿಚಾರಿಸಿದೆ. “ಎಷ್ಟು ನೂರು ಪೀಸ್?” ಅಂತ ಕೇಳಿದರು. ಒಂದು ಅಂದೆ. ಪಾಪ, ನಗದೆ ಫೋನ್ ಇಟ್ಟರು.

ಮುಂದಿನದ್ದನ್ನು ಕೊಳ್ಳುವ ಮುನ್ನ ಅಳೆಯಬೇಕು ಅಂತ ಹಟ ಹಿಡಿದೆ. ಕಂಪನಿಯ ಹಳೆಯ ಮ್ಯಾನಿಫೋಲ್ಡ್ ಮತ್ತು ಕೆ03 ವಾಪಸ್ ಕೂರಿಸಿ, ಟರ್ಬೊಗಿಂತ ಮುಂಚೆ ಒಂದು ತೂತು ಕೊರೆದು, ತಾಮ್ರದ ಸಣ್ಣ ಕೊಳವೆಯನ್ನು ಸುರುಳಿ ಸುತ್ತಿ ಮೀಟರಿಗೆ ಜೋಡಿಸಿದೆ. ಸುರುಳಿ ಇಲ್ಲದಿದ್ದರೆ ಮೀಟರೇ ಬೆಂದುಹೋಗುತ್ತದೆ. ಡೈನೊ (ಗಾಡಿಯ ಶಕ್ತಿ ಅಳೆಯುವ ಯಂತ್ರ) ಮೇಲೆ 6000 ಆರ್‌ಪಿಎಂನಲ್ಲಿ ಬೂಸ್ಟ್ 0.7 ಬಾರ್, ಮ್ಯಾನಿಫೋಲ್ಡ್ ಒಳಗಿನ ಒತ್ತಡ 1.5. ಎರಡು ಪಟ್ಟಿಗಿಂತ ಜಾಸ್ತಿ! ಅದೇ ಹಳೆಯ ಮ್ಯಾನಿಫೋಲ್ಡಿಗೆ ಅಡಾಪ್ಟರ್ ಪ್ಲೇಟ್ ಹಾಕಿ ನನ್ನ ಗ್ಯಾರೆಟ್ ಜಿಟಿ28 ಟರ್ಬೊ ಕೂರಿಸಿ ಮತ್ತೆ ನೋಡಿದಾಗ ಬೂಸ್ಟ್ 0.9ಕ್ಕೆ ಒಳಒತ್ತಡ 1.3. ಕತ್ತು ಹಿಸುಕುತ್ತಿದ್ದದ್ದು ಮ್ಯಾನಿಫೋಲ್ಡ್ ಅಲ್ಲ, ಚಿಕ್ಕ ಟರ್ಬೊದ ಟರ್ಬೈನ್ ಮನೆ, ಅಂದರೆ ಹೊಗೆ ತಿರುಗಿಸುವ ಚಕ್ರದ ಕವಚ. ಅಷ್ಟು ದಿನ ನಾನು ಜಗಳವಾಡಿದ್ದು ತಪ್ಪು ಆಸಾಮಿಯ ಜೊತೆ.

ಅಡಾಪ್ಟರ್ ಪ್ಲೇಟಿನಲ್ಲೇ ಕಾಲ ಹಾಕಲು ಮನಸ್ಸು ಒಪ್ಪಲಿಲ್ಲ, ಟರ್ಬೊ ಫೈರ್‌ವಾಲಿಗೆ ತೀರಾ ಹತ್ತಿರ ಬರುತ್ತಿತ್ತು. ಕೊನೆಗೆ ಟಿ25 ಅಳತೆಯ ಫ್ಲೇಂಜ್ (ಟರ್ಬೊ ಬಿಗಿಯುವ ಚಪ್ಪಟೆ ಬಾಯಿ) ಇರುವ, ಸಿಲಿಕಾನ್ ಮತ್ತು ಮಾಲಿಬ್ಡಿನಂ ಬೆರೆತ ಎಸ್‌ಜಿ ಐರನ್ ಅನ್ನುವ ಬೀಡಿನ ಸಿದ್ಧ ಮ್ಯಾನಿಫೋಲ್ಡ್ ಹೊರಗಿನಿಂದ ತರಿಸಿದೆ. ಕರ್ರಗೆ, ಗಿಡ್ಡಗೆ, ಒಳಕಲ್ಲಿನಷ್ಟು ಭಾರ. ಯಾರೂ ಮೇಜಿನ ಮೇಲೆ ಇಟ್ಟು ನೋಡುವಂಥದ್ದಲ್ಲ. ತರಿಸುವ ಮುನ್ನ ರಟ್ಟಿನಲ್ಲಿ ಅದರ ಅಳತೆಯ ಡಮ್ಮಿ ಮಾಡಿ ಗಾಡಿಯೊಳಗೆ ಇಳಿಸಿ ನೋಡಿದ್ದೆ. ಇಂಥ ಸಾಮಾನು ಬಹುತೇಕ ಎಡಗಡೆ ಸ್ಟೀರಿಂಗಿನ ದೇಶಗಳಿಗೆ ಅಂತ ಅಳತೆ ಹಾಕಿದ್ದು. ನಮ್ಮಲ್ಲಿ ಬ್ರೇಕ್ ಬೂಸ್ಟರ್ ಬಲಗಡೆ.

ಬಂದದ್ದನ್ನು ಗಾಜಿನ ಮೇಲೆ ಇಟ್ಟು ಫೀಲರ್ ಗೇಜ್ ತೂರಿಸಿದರೆ ಒಂದು ಮೂಲೆಗೆ 0.2 ಮಿಲಿಮೀಟರ್ ಸಂದು. ಸರ್ಫೇಸ್ ಗ್ರೈಂಡಿಂಗ್ ಮಾಡಿಸಿದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ಗೆ ಗ್ರೀಸ್ ಸವರಿ ಒತ್ತಿ, ಪೋರ್ಟುಗಳು ಸರಿಯಾಗಿ ಕೂರುತ್ತವಾ ಅಂತ ಗುರುತು ನೋಡಿದೆ. ಎರಡನೆಯದರಲ್ಲಿ ಒಂದು ತುಟಿ ಒಳಗೆ ಚಾಚಿತ್ತು, ಡೈ ಗ್ರೈಂಡರಿನಲ್ಲಿ ತೆಗೆದೆ. ಸ್ಟಡ್ (ಹೆಡ್ಡಿಗೆ ಬಿಗಿಯುವ ತಲೆಯಿಲ್ಲದ ಬೋಲ್ಟು) ತೂತುಗಳಲ್ಲಿ ನಡುವಿನದನ್ನು ಬಿಟ್ಟು ಉಳಿದವನ್ನು ಅರ್ಧ ಮಿಲಿಮೀಟರ್ ಅಗಲ ಮಾಡಿಸಿದೆ, ಹಿಗ್ಗಿದಾಗ ಸರಿದಾಡಲು ಜಾಗ ಬೇಕಲ್ಲ.

ಅರ್ಧ ದಿನ ತಿಂದದ್ದು ಒಂದು ಹಳೆಯ ಸ್ಟಡ್. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೂ ನಾಲ್ಕನೇ ಸಿಲಿಂಡರಿನ ಕೆಳಗಿನದು ತಟ್ ಅಂತ ಮುರಿಯಿತು. ಹೆಡ್ಡಿನಿಂದ ಹೊರಗೆ ಉಳಿದದ್ದು ಮೂರು ಮಿಲಿಮೀಟರ್. ಫೈರ್‌ವಾಲಿಗೂ ಹೆಡ್ಡಿಗೂ ನಡುವೆ ಡ್ರಿಲ್ ಹಿಡಿಸುವುದಿಲ್ಲ. ಆ ತುಂಡಿನ ಮೇಲೆ ಎಂ8 ನಟ್ ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿಸಿ, ಕೆಂಪಗಿದ್ದದ್ದು ಕಪ್ಪಾಗುವವರೆಗೆ ಕಾದು ಸ್ಪ್ಯಾನರ್ ಹಾಕಿದೆ. ಮೊದಲ ನಟ್ ಕಿತ್ತು ಬಂತು. ಎರಡನೆಯದೂ. ಮೂರನೆಯದಕ್ಕೆ ಕೀರ್ ಅಂತ ಒಂದು ಸದ್ದು ಬಂದು ಸ್ಟಡ್ ತಿರುಗಿತು. ಆ ಕೀರ್ ಕೇಳಿದಾಗ ಆದ ಖುಷಿ ಡೈನೊ ಕಾಗದ ನೋಡಿದಾಗಲೂ ಆಗಲಿಲ್ಲ. ಎಲ್ಲ ಸ್ಟಡ್ ಹೊಸದು ಹಾಕಿ, ತಾಮ್ರ ಲೇಪದ ನಟ್‌ಗಳನ್ನು 25 ನ್ಯೂಟನ್ ಮೀಟರಿಗೆ ಬಿಗಿದೆ. ಟರ್ಬೊದಿಂದ ಬ್ಲಾಕಿಗೆ ಒಂದು ಬ್ರಾಕೆಟ್ ಕೊಟ್ಟೆ. ಪಟ್ಟಿ ಸುತ್ತಲಿಲ್ಲ, ನಡುವೆ ಸಂದು ಬಿಟ್ಟು ತಗಡಿನ ಹೀಟ್ ಶೀಲ್ಡ್ ಹಾಕಿದೆ. ಟರ್ಬೊದ ಒಳಗಿನ ವೇಸ್ಟ್‌ಗೇಟನ್ನೇ ಬಳಸಿದೆ, ಹೊರಗಿನದರ ಸಹವಾಸ ಬೇಡ ಅನ್ನಿಸಿತ್ತು.

ಅದೇ ಡೈನೊ, ಅದೇ 0.9 ಬಾರ್. ವೆಲ್ಡಿಂಗ್ ಮಾಡಿಸಿದ ಮೇಲೆ ಟ್ಯೂಬುಲರ್ ಕೊಟ್ಟಿದ್ದ ಅಂಕಿಗೂ ಇದಕ್ಕೂ ತುದಿಯಲ್ಲಿ ನಾಲ್ಕು ಕುದುರೆಯ ವ್ಯತ್ಯಾಸ, ಟ್ಯೂಬುಲರ್ ಮುಂದೆ. ಒಂದೇ ಗಾಡಿಯನ್ನು ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಓಡಿಸಿದರೂ ಅಷ್ಟು ಹೆಚ್ಚುಕಡಿಮೆ ಬರುತ್ತದೆ. ಆದರೆ ಬೀಡಿನದರಲ್ಲಿ ಬೂಸ್ಟ್ 300 ಆರ್‌ಪಿಎಂ ಮೊದಲೇ ಎದ್ದಿತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಗಾಳಿ ತೆಳು, ಅದೇ ಬೂಸ್ಟಿಗೆ ಟರ್ಬೊ ಇಲ್ಲಿ ಇನ್ನಷ್ಟು ಜೋರಾಗಿ ತಿರುಗಬೇಕು. ಇರುಂಗಾಟ್ಟುಕೋಟೈಯಲ್ಲಿ ಇಳಿಸಿದರೆ ಗಾಡಿ ಇನ್ನೂ ಚುರುಕು. ಸದ್ದು ಮಾತ್ರ ಮೊದಲಿನ ಹಾಗೆ ಇಂಪಾಗಿಲ್ಲ. ಅದೊಂದು ಬೇಜಾರು ನನಗೆ ಈಗಲೂ ಇದೆ.

ಹೊಸ ಗಾಡಿಯವರಿಗೆ ಈ ತಲೆನೋವೇ ಇಲ್ಲ ಅನ್ನಿ. 2013ರಲ್ಲಿ ಬಂದ ಆಕ್ಟೇವಿಯಾದ 1.8 ಟಿಎಸ್‌ಐ ಎಂಜಿನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹೆಡ್ಡಿನ ಒಳಗೇ ಎರಕವಾಗಿದೆ, ಸುತ್ತ ನೀರು ಓಡುತ್ತದೆ. ಆರಿಸಲು ಏನೂ ಇಲ್ಲ.

ಬೀಡಿನದು ಈಗ ಏಳು ಟ್ರ್ಯಾಕ್ ದಿನ ಕಂಡಿದೆ. ಎರಡನೆಯದರಲ್ಲಿ ಟಿ25 ಫ್ಲೇಂಜಿನ ಒಂದು ನಟ್ ಸಡಿಲವಾಗಿತ್ತು. ಅಂದಿನಿಂದ ಮಡಚುವ ಲಾಕ್ ಟ್ಯಾಬ್ ಹಾಕಿದ್ದೇನೆ, ಪ್ರತಿ ಸಲ ಬಂದ ಮೇಲೆ ತಣ್ಣಗಾದಾಗ ಟಾರ್ಕ್ ರೆಂಚ್ ಇಟ್ಟು ನೋಡುತ್ತೇನೆ. ಕಳೆದ ವಾರ ಭಾವಮೈದ ಮತ್ತೆ ವ್ಯಾಕ್ಯೂಮ್ ಕ್ಲೀನರ್ ಹೊತ್ತು ತಂದ. ಸೋಪು ನೀರು ಹೊಡೆದೆವು. ಟರ್ಬೊದಿಂದ ಕೆಳಗಿಳಿಯುವ ಡೌನ್‌ಪೈಪ್ ಜಾಯಿಂಟಿನಲ್ಲಿ ಸಣ್ಣದೊಂದು ಗುಳ್ಳೆ ಎದ್ದಿತು, ಮ್ಯಾನಿಫೋಲ್ಡ್ ಮೇಲೆ ಏನೂ ಇಲ್ಲ. ಡೌನ್‌ಪೈಪಿಗೆ ಗ್ಯಾಸ್ಕೆಟ್ ತರಲು ಶನಿವಾರ ಜೆ.ಸಿ. ರೋಡಿಗೆ ಹೋಗಬೇಕು.