ತೊಗರಿ ಚುನ್ನಿಯಿಂದ ಹೊಟ್ಟು ಬೇರೆ ಮಾಡಿದ್ದು: ನನ್ನ ಅನುಭವ

ಬೇಳೆ ಮಾಡುವಾಗ ಉಳಿಯುವ ಸಿಪ್ಪೆ, ನುಚ್ಚು, ಪುಡಿಯ ಮಿಶ್ರಣವೇ ಚುನ್ನಿ. ಅದು ದನಕ್ಕೆ ಹಾಕೋದು, ಅದರಲ್ಲಿ ಇನ್ನೇನು ತೆಗೀತೀಯಾ ಅಂತ ಕಲಬುರಗಿಯಲ್ಲಿ ದಾಲ್ ಮಿಲ್ ನಡೆಸುವವರೇ ನನಗೆ ಹೇಳಿದ್ದರು. ಈಗ ಅದೇ ಚುನ್ನಿ ನನ್ನ ಶೆಡ್ಡಿನಲ್ಲಿ ಹೊಟ್ಟು, ನುಚ್ಚು, ಪುಡಿ ಅಂತ ಮೂರು ಚೀಲಕ್ಕೆ ಬೀಳುತ್ತಿದೆ.

ಬರೀ ಜರಡಿಯಿಂದ ಇದು ಆಗುವುದಿಲ್ಲ. 2 ಮಿ.ಮೀ. ಹೊಟ್ಟು, 2 ಮಿ.ಮೀ. ನುಚ್ಚು ಒಟ್ಟಿಗೇ ನಿಲ್ಲುತ್ತವೆ. ಬರೀ ಬ್ಲೋವರ್ ಹಾಕಿದರೆ ಇನ್ನೊಂದು ತಾಪತ್ರಯ. ದೊಡ್ಡ ಹೊಟ್ಟು ಏಳುವಷ್ಟು ಗಾಳಿ ಬಿಟ್ಟರೆ ಪುಡಿಯೂ ಜೊತೆಗೇ ಹಾರುತ್ತದೆ. ಹಾಗೆ ಎಷ್ಟೋ ಚೀಲ ಒಳ್ಳೆ ಪುಡಿ ಹೊಟ್ಟಿನ ರೇಟಿಗೆ ಹೋಯಿತು. ಮೊದಲು ಜರಡಿ ಆಡಿಸಿ, ಆಮೇಲೆ ಒಂದೊಂದು ಗಾತ್ರಕ್ಕೂ ಬೇರೆ ಬೇರೆ ಗಾಳಿ ಕೊಟ್ಟಾಗಲೇ ಕೈ ಹಿಡಿಯಿತು. 2 ಮಿ.ಮೀ. ಮೇಲಿನದಕ್ಕೆ ಸೆಕೆಂಡಿಗೆ ಸುಮಾರು 4 ಮೀಟರ್, ನಡುವಿನದಕ್ಕೆ 3, ಅದಕ್ಕೂ ಸಣ್ಣದಕ್ಕೆ 2. ಅರ್ಧ ಮಿ.ಮೀ. ಕೆಳಗಿನದನ್ನು ಊದುವುದೇ ಬೇಡ, ನೇರವಾಗಿ ಪುಡಿಗೆ ಬಿಡಿ.

ಜಾಸ್ತಿ ಕಾಡಿದ್ದು ಎಣ್ಣೆ. ಸಿಪ್ಪೆ ಬಿಡಲಿ ಅಂತ ಕಾಳಿಗೆ ಎಣ್ಣೆ ಸವರಿರುತ್ತಾರಲ್ಲ, ಅದು ಪುಡಿಗೆ ಇಳಿದಿರುತ್ತದೆ. ಅರ್ಧ ಗಂಟೆಯಲ್ಲಿ ಸಣ್ಣ ಜರಡಿಯ ಕಣ್ಣು ಮುಚ್ಚಿಹೋಗುತ್ತಿತ್ತು. ಬೆರಳಿಂದ ಒರೆಸಿದರೆ ಹಳದಿ ಮೇಣದಂತೆ ಅಂಟುತ್ತಿತ್ತು. ಬ್ರಷ್ ಹಾಕಿಸಿದೆ, ಜಾಲರಿ ಹರಿಯಿತು. ಕೊನೆಗೆ ಜಾಲರಿ ಕೆಳಗೆ ರಬ್ಬರ್ ಚೆಂಡು ಬಿಟ್ಟೆ, ಅವು ಪುಟಿದು ಕಣ್ಣು ಬಿಡಿಸುತ್ತವೆ. ಚುನ್ನಿಯನ್ನು ಒಂದು ಬಿಸಿಲು ಒಣಗಿಸಿ ಹಾಕತೊಡಗಿದೆ. ಅಲ್ಲಿಂದ ಸರಿಹೋಯಿತು.

ಹಳೇ ಜರಡಿ, ಬ್ಲೋವರ್, ವೆಲ್ಡಿಂಗ್ ಮಾಡಿಸಿದ ಸೈಕ್ಲೋನ್ (ಗಾಳಿಯನ್ನು ಸುತ್ತಿಸಿ ಅದರಲ್ಲಿರುವ ಹೊಟ್ಟನ್ನು ಕೆಳಗೆ ಬೀಳಿಸುವ ಡಬ್ಬ), ಮೋಟರ್ ಎಲ್ಲ ಸೇರಿ ಒಂದೂವರೆ ಲಕ್ಷದ ಹತ್ತಿರ ಬಿತ್ತು. ಕ್ವಿಂಟಲ್ ಚುನ್ನಿಗೆ 55 ಕೆ.ಜಿ. ಹೊಟ್ಟು, 15 ಕೆ.ಜಿ. ನುಚ್ಚು, ಉಳಿದದ್ದು ಹೆಚ್ಚುಕಡಿಮೆ ಪುಡಿ. ನಾರು ಕೋಳಿಗೆ ಅರಗುವುದಿಲ್ಲ, ಹಸುವಿಗೆ ಅರಗುತ್ತದೆ. ಹಾಗಾಗಿ ನುಚ್ಚು, ಪುಡಿ ಕೋಳಿ ಫೀಡಿನವರಿಗೆ, ಹೊಟ್ಟು ಹಾಲಿನವರಿಗೆ. ಕರೆಂಟು, ಕೂಲಿ ಕಳೆದು ಕ್ವಿಂಟಲ್‌ಗೆ 200 ರೂಪಾಯಿ ಉಳಿಯುತ್ತದೆ. ಆಗ ಬೇಡ ಅಂದಿದ್ದ ಒಬ್ಬ ಮಿಲ್ಲಿನವರು ಈಗ ತಮ್ಮ ಚುನ್ನಿಯನ್ನೂ ನನ್ನ ಹತ್ತಿರ ಕಳಿಸುತ್ತಾರೆ.

ಕಡಲೆ ಚುನ್ನಿ ತೊಗರಿಗಿಂತ ಸಲೀಸಾಗಿ ಬಿಡಿಸಿತು. ಗೋಧಿ ಬೂಸಾ ಮಾತ್ರ ಜಗ್ಗಲಿಲ್ಲ. ಅದರಲ್ಲಿ ಹಿಟ್ಟು ಸಿಪ್ಪೆಗೇ ಅಂಟಿಕೊಂಡಿರುತ್ತದೆ, ಗಾಳಿ ಏನು ಮಾಡೀತು? ಇನ್ನೊಮ್ಮೆ ಬೀಸಿ ನೋಡಬೇಕು ಅಂತಿದ್ದೇನೆ.

ಗಾಳಿ ಕೊಳವೆಗೆ ಎಷ್ಟು ಸೊಟ್ಟ ಕೊಟ್ಟಿದ್ದೇನೆ, ಮಾಲು ಎಲ್ಲಿಂದ ಬೀಳಿಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಆದರೆ ಸೈಕ್ಲೋನ್ ಆದಮೇಲೆ ಬ್ಯಾಗ್ ಫಿಲ್ಟರ್ (ಧೂಳು ಹಿಡಿಯುವ ಬಟ್ಟೆ ಚೀಲ) ಇಲ್ಲದೆ ಮೋಟರ್ ಚಾಲು ಮಾಡಬೇಡಿ. ಬೇಳೆ ಧೂಳು ಶೆಡ್ಡಿನಲ್ಲಿ ತುಂಬಿಕೊಂಡರೆ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.